ಮೊದಲು ಒಂದು ಮರ, ಆಮೇಲೆ ಭೂಮಂಡಲ

'ಪರಿಸರ ನಾಶಕ್ಕೆ ಐದು ಕಾರಣಗಳನ್ನು ಬರೆಯಿರಿ' ಎಂಬ ಪ್ರಶ್ನೆಗೆ ಇಂದಿನ ವಿದ್ಯಾರ್ಥಿಗಳು ತಡವರಿಸದೆ ಉತ್ತರ ಬರೆಯಬಲ್ಲರು. ಆದರೆ ಶಾಲೆಯ ಅಂಗಳದಲ್ಲಿ ನಿತ್ಯವೂ ತಮಗೆ ನೆರಳೀಯುವ ಮರ ಯಾವುದು, ಅದು ಹೂ ಬಿಡುವುದು ಯಾವ ತಿಂಗಳಲ್ಲಿ ಎಂದು ಕೇಳಿದರೆ ಅವರಲ್ಲಿ ಅನೇಕರು ಸುಮ್ಮನಾಗುತ್ತಾರೆ. ಇದು ಮಕ್ಕಳ ದೋಷವಲ್ಲ. ನಾವು ಅವರಿಗೆ ಭೂಮಂಡಲದ ಕಷ್ಟವನ್ನು ಹೇಳಿಕೊಟ್ಟೆವು; ಬಾಗಿಲೆದುರಿನ ಮರವನ್ನು ತೋರಿಸಿಕೊಡಲಿಲ್ಲ.

ಪ್ರಯತ್ನಗಳೇನೋ ಹಳೆಯವೇ. ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವಕ್ಕೆ ನಾಂದಿ ಹಾಡಿದರು. ನ್ಯಾಯವಾದಿ ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರಲ್ಲಿ, ಪರಿಸರ ಶಿಕ್ಷಣವು ಕಡ್ಡಾಯ ಪಾಠವಾಗಬೇಕೆಂದು ನಿರ್ದೇಶಿಸಿತು. ಪುಸ್ತಕಗಳು ಬಂದವು, ಪರೀಕ್ಷೆಗಳೂ ಬಂದವು. ಆದರೆ ಸಸಿ ನೆಟ್ಟ ದಿನದ ಉತ್ಸಾಹ ಎಷ್ಟೋ ಕಡೆ ಛಾಯಾಚಿತ್ರದೊಂದಿಗೇ ಮುಗಿಯುವುದುಂಟು. ಬೇಸಗೆಯಲ್ಲಿ ಆ ಸಸಿಗೆ ನೀರೆರೆಯುವವರು ಯಾರು?

ಇದಕ್ಕೊಂದು ಸರಳವಾದ ಉಪಾಯವನ್ನು ನಮ್ಮ ದೇಶದಲ್ಲಿಯೇ ಕಾಣಬಹುದು. 'ಸೀಸನ್‌ವಾಚ್' ಎಂಬ ಕಾರ್ಯಕ್ರಮವು 2010ರ ಸುಮಾರಿನಲ್ಲಿ ಆರಂಭವಾಯಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಇದನ್ನು ನಡೆಸುತ್ತಿದೆ. ಕೇರಳದ ಶಾಲೆಗಳಂತೂ ಬಹು ದೊಡ್ಡ ಸಂಖ್ಯೆಯಲ್ಲಿ ಇದರಲ್ಲಿ ಪಾಲ್ಗೊಂಡಿವೆ. ಕ್ರಮ ಬಹಳ ಸುಲಭ. ಮಗು ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದನ್ನು ನೋಡಬೇಕು. ಚಿಗುರು, ಬಲಿತ ಎಲೆ, ಹಣ್ಣೆಲೆ, ಮೊಗ್ಗು, ಹೂ, ಕಾಯಿ, ಹಣ್ಣು—ಒಂದೊಂದೂ ಇಲ್ಲವೇ, ಕೊಂಚ ಇದೆಯೇ, ಬಹಳ ಇದೆಯೇ ಎಂದು ಗುರುತು ಹಾಕಬೇಕು. ಅಷ್ಟೆ!

ಹೊಂಗೆಯ ಮರವನ್ನೇ ತೆಗೆದುಕೊಳ್ಳಿ. ಚಳಿ ಕಳೆಯುತ್ತಿದ್ದಂತೆ ಹಳೆಯ ಎಲೆ ಉದುರಿ, ಯುಗಾದಿಯ ವೇಳೆಗೆ ಮಿರುಗುವ ಎಳೆಹಸುರು ಮೈದುಂಬುತ್ತದೆ. ಅನಂತರ ಬಿಳುಪು ಬೆರೆತ ನಸುನೇರಿಳೆ ಹೂಗಳು ಅರಳಿ ನೆಲದ ಮೇಲೆ ಹಾಸುತ್ತವೆ, ಜೇನುನೊಣಗಳು ಮುತ್ತುತ್ತವೆ. ಕಾಯಿ ಬಲಿತು ಒಣಗಲು ಅನೇಕ ತಿಂಗಳು ಬೇಕು. ಆ ಬೀಜದ ಎಣ್ಣೆಯಿಂದಲೇ ಹಿಂದೆ ನಮ್ಮ ಹಳ್ಳಿಗಳಲ್ಲಿ ದೀಪ ಉರಿಯುತ್ತಿತ್ತು. ಇವೆಲ್ಲವನ್ನೂ ಒಂದು ವರ್ಷ ಕಣ್ಣಾರೆ ಕಂಡ ಬಾಲಕನಿಗೆ 'ಮರಗಳನ್ನು ರಕ್ಷಿಸಿ' ಎಂಬ ಘೋಷವಾಕ್ಯದ ಅಗತ್ಯವಿರದು.

ಇಂತಹ ಲೆಕ್ಕದಿಂದ ಲೋಕಕ್ಕೇನು ಲಾಭ ಎನ್ನುವವರಿಗೆ ಜಪಾನಿನ ಕ್ಯೋಟೋ ನಗರವು ಉತ್ತರ ಕೊಡುತ್ತದೆ. ಅಲ್ಲಿ ಚೆರ್ರಿ ಮರಗಳು ಹೂ ತುಂಬಿದ ದಿನವನ್ನು ಅರಮನೆಯವರೂ ಸಂನ್ಯಾಸಿಗಳೂ ತಮ್ಮ ದಿನಚರಿಗಳಲ್ಲಿ ಬರೆದಿಡುತ್ತಿದ್ದರು. ಹಾಗೆ ಒಟ್ಟುಗೂಡಿದ ದಾಖಲೆಗೆ ಈಗ 1,200 ವರ್ಷಗಳಿಗೂ ಮೀರಿದ ವಯಸ್ಸು. 2021ರಲ್ಲಿ ಮಾರ್ಚ್ 26ರಂದೇ ಹೂ ತುಂಬಿದಾಗ, ಅದುವರೆಗಿನ ದಾಖಲೆಯಲ್ಲಿ ಅಷ್ಟು ಬೇಗ ಎಂದೂ ಅರಳಿರಲಿಲ್ಲವೆಂದು ತಿಳಿದುಬಂದಿತು. ಭೂಮಿಯ ಕಾವು ಏರುತ್ತಿರುವುದಕ್ಕೆ ಹೂಗಳೇ ಸಾಕ್ಷಿ ನುಡಿದವು. ಆ ದಿನಚರಿಗಳನ್ನು ಬರೆದವರಿಗೆ ಇಂತಹ ಉದ್ದೇಶವೇ ಇರಲಿಲ್ಲವೆಂಬುದು ಗಮನಾರ್ಹ.

ಒಂದು ವರ್ಷದ ಟಿಪ್ಪಣಿಯಿಂದ ಇಂತಹ ಸತ್ಯ ಹೊರಬೀಳದು. ಆದುದರಿಂದ ಪುಸ್ತಕವು ಮಗುವಿನದಾಗಿರದೆ ಮರದ್ದಾಗಿರಲಿ. ಐದನೆಯ ತರಗತಿಯವರು ಮೇಲೇರಿದಾಗ ಅದನ್ನು ಮುಂದಿನ ವರ್ಷದ ಐದನೆಯ ತರಗತಿಯವರ ಕೈಗೆ ಒಪ್ಪಿಸಲಿ. ಹತ್ತು ವರ್ಷ ಹೀಗೆ ನಡೆದರೆ ಪ್ರತಿಯೊಂದು ಶಾಲೆಯೂ ತನ್ನ ಊರಿನ ಋತುಗಳ ಚರಿತ್ರೆಯನ್ನು ಬರೆದಂತಾಯಿತು.

ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾನೂನಿನ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಕಾನೂನಿದ್ದರೂ ಕೇಳುವವರಿಲ್ಲದಿದ್ದರೆ ಮರ ಉಳಿಯುವುದೆಂತು? ಹೆಸರೇ ತಿಳಿಯದ ಮರಕ್ಕಾಗಿ ಯಾರು ತಾನೇ ಬಾಯಿ ತೆರೆದಾರು? ಹತ್ತು ವರ್ಷಗಳ ಪುಸ್ತಕ ಕೈಯಲ್ಲಿದ್ದರೆ, ಅದನ್ನು ಹಿಡಿದು ಶಾಲೆಯೇ ಕಚೇರಿಗೆ ಹೋಗಿ ಪ್ರಶ್ನಿಸಬಹುದು.

ತಾಯಿತಂದೆಗಳು ಶಾಲೆಗಾಗಿ ಕಾಯಬೇಕಾಗಿಲ್ಲ. ಬೇಕಾದದ್ದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು, ಭಾನುವಾರದ ಹತ್ತು ನಿಮಿಷ. ಬೀದಿಯಲ್ಲಿ ಹೊಂಗೆಯೋ ಬೇವೋ ಮಾವೋ ಒಂದು ಇದ್ದೇ ಇರುತ್ತದೆ. ಅದರ ಹೆಸರು ತಿಳಿಯದಿದ್ದರೆ ಮನೆಯ ಅಜ್ಜಿಯನ್ನು ಕೇಳಿ. ಬಹುಶಃ ಮೊದಲ ಪಾಠ ಅವರಿಂದಲೇ ಆರಂಭವಾದೀತು.