ಬಡಗಿ, ಕೂಲಿ ಬರೆದ ಶಿಶುಗೀತೆಗಳು

ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837–1901) ಬ್ರಿಟನ್ನಿನ ದುಡಿಯುವ ಜನರೂ ಮಕ್ಕಳಿಗಾಗಿ ಬರೆದರು. ಆ ಪುಸ್ತಕಗಳು ಇಂದು ಅಪರೂಪ. ಅಗ್ಗದ ಕಾಗದದಲ್ಲಿ ಅಚ್ಚಾದವು ಮಕ್ಕಳ ಕೈಯಿಂದ ಕೈಗೆ ದಾಟಿ, ಓದಿ ಓದಿಯೇ ಹರಿದುಹೋದವು.

ಸ್ಕಾಟ್ಲೆಂಡಿನ ಕರ್ಕ್‌ಕಾನೆಲ್ ಹಳ್ಳಿಯ ಅಲೆಕ್ಸಾಂಡರ್ ಆಂಡರ್ಸನ್ (1845–1909) ರೈಲು ಹಳಿ ರಿಪೇರಿಯ ಕೂಲಿಕಾರ. ದುಡಿಯುತ್ತಲೇ ಫ್ರೆಂಚ್, ಜರ್ಮನ್ ಕಲಿತ. ಮಲಗಲು ಒಲ್ಲದ ತುಂಟ ಮಕ್ಕಳನ್ನು ಕುರಿತ ‘ಕಡ್ಲ್ ಡೂನ್’ ಆತನಿಗೆ ಹೆಸರು ತಂದಿತು. 1880ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸವೂ ಸಿಕ್ಕಿತು. ‘ವೀ ವಿಲ್ಲಿ ವಿಂಕಿ’ ಬರೆದ ಗ್ಲಾಸ್ಗೋ ನಗರದ ಬಡಗಿ ವಿಲಿಯಂ ಮಿಲ್ಲರ್‌ಗೆ ಅಂಥ ಅದೃಷ್ಟವಿರಲಿಲ್ಲ. 1863ರಲ್ಲಿ ಶಿಶುಗೀತೆಗಳ ಸಂಕಲನ ತಂದರೂ, 1872ರಲ್ಲಿ ಬಡತನದಲ್ಲೇ ತೀರಿಕೊಂಡ.

ಹಳೆಯ ಮಕ್ಕಳ ಪುಸ್ತಕಗಳು ಇಷ್ಟಾದರೂ ಉಳಿದದ್ದರಲ್ಲಿ ಸಂಗ್ರಾಹಕರ ಪಾಲು ದೊಡ್ಡದು. ಇಂಗ್ಲೆಂಡಿನ ಪೀಟರ್ ಮತ್ತು ಅಯೋನಾ ಓಪಿ ದಂಪತಿ ಸುಮಾರು 20,000 ಪುಸ್ತಕ ಕೂಡಿಸಿದ್ದರು. ಪತಿಯ ನಿಧನಾನಂತರ ಅಯೋನಾ ಅದನ್ನು ಅರ್ಧ ಬೆಲೆಗೇ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯಕ್ಕೆ ಕೊಡಲು ಒಪ್ಪಿದರು. ಸಾರ್ವಜನಿಕರಿಂದ ಹಣ ಕೂಡಿಸಿ, 1988ರಲ್ಲಿ ಸಂಗ್ರಹವನ್ನು ಪಡೆಯಲಾಯಿತು.

ಆ ಕಾಲದ ಎಷ್ಟೋ ಪುಸ್ತಕಗಳಲ್ಲಿ ಅಚ್ಚಾದ ವರ್ಷವೇ ಇಲ್ಲ. ಆಗ ನೆರವಾಗುವುದು ಒಳರಟ್ಟಿಗೆ ಅಂಟಿಸಿದ ಬಹುಮಾನದ ಚೀಟಿ. ಯಾವ ಶಾಲೆ, ಯಾವ ಮಗುವಿಗೆ, ಯಾವ ವರ್ಷ ಕೊಟ್ಟಿತು ಎಂದು ಅದರಲ್ಲಿರುತ್ತದೆ. ಪುಸ್ತಕ ಅದಕ್ಕೂ ಮೊದಲಿನದೆಂದು ತಿಳಿಯುತ್ತದೆ.

ಹಾಗಾಗಿ ಹಳೆಯ ಪುಸ್ತಕ ಕೈಗೆ ಸಿಕ್ಕರೆ ಅದರಲ್ಲಿರುವ ಹೆಸರು, ಗೀಚುಗಳನ್ನು ಅಳಿಸಬಾರದು. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬಾರದು. ಬರೆದವನ ಜೊತೆಗೆ, ಓದಿದ ಮಗುವಿನ ಗುರುತೂ ಅಲ್ಲಿದೆ.