ಪ್ರಮಾಣಪತ್ರಕ್ಕಿಂತ ಮೊದಲು ಪಾಸ್‌ಪೋರ್ಟ್ ಕೇಳುವ ಕೆಲಸ

ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಮೊದಲ ಕೆಲಸಕ್ಕೆ ಪದವಿ, ಬೋಧನಾ ಪ್ರಮಾಣಪತ್ರ, ಕೆಲಸದ ವೀಸಾ ಈ ಮೂರೂ ಬೇಕು. ತರಬೇತಿ ಮುಗಿಸಿದವರು ಇವನ್ನು ಇದೇ ಕ್ರಮದಲ್ಲಿ ಎಣಿಸುತ್ತಾರೆ. ನೇಮಿಸಿಕೊಳ್ಳುವ ಶಾಲೆ ಎಣಿಸುವುದು ಕೊನೆಯಿಂದ. ಈ ಅಭ್ಯರ್ಥಿಗೆ ತನ್ನ ಸರ್ಕಾರ ಕೆಲಸದ ಪರವಾನಗಿ ಕೊಡುತ್ತದೆಯೇ ಎಂಬುದು ಅದರ ಮೊದಲ ಪ್ರಶ್ನೆ. ಇಲ್ಲ ಎಂದಾದರೆ ಪ್ರಮಾಣಪತ್ರವನ್ನು ಯಾರೂ ತೆರೆದು ನೋಡುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗಂತೂ ಈ ಮಾತು ಇನ್ನಷ್ಟು ನಿಜ. ಅವರ ಹುಡುಕಾಟ ಜಾಹೀರಾತುಗಳಿಂದ ಶುರುವಾದರೆ ತಿಂಗಳುಗಳು ಕೈಬಿಟ್ಟುಹೋಗುತ್ತವೆ. ವೀಸಾ ನಿಯಮಗಳಿಂದ ಶುರುವಾದರೆ ದೇಶಗಳ ಪಟ್ಟಿ ಚಿಕ್ಕದಾಗುತ್ತದೆ, ಆದರೆ ಉಳಿದದ್ದು ನಿಜವಾದ ಪಟ್ಟಿಯಾಗಿರುತ್ತದೆ.

ಪ್ರಮಾಣಪತ್ರಗಳಲ್ಲಿ ಎಲ್ಲೆಡೆ ಬೆಲೆಯಿರುವುದು ಎರಡಕ್ಕೆ: ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಪರೀಕ್ಷಾ ಸಂಸ್ಥೆ ಕೊಡುವ ಸೆಲ್ಟಾ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್‌ಟೆಸಾಲ್. ಜಾನ್ ಮತ್ತು ಬ್ರಿಟಾ ಹೇಕ್ರಾಫ್ಟ್ ದಂಪತಿ 1962ರಲ್ಲಿ ಲಂಡನ್ನಿನಲ್ಲಿ, ತಮ್ಮ ಇಂಟರ್‌ನ್ಯಾಷನಲ್ ಹೌಸ್ ಸಂಸ್ಥೆಗೆ ಬೇಕಾದ ಶಿಕ್ಷಕರಿಗಾಗಿ ನಡೆಸಿದ ಕಿರು ತರಬೇತಿಯೇ ಸೆಲ್ಟಾದ ಮೂಲ. ಈಗ ಅದು ಸುಮಾರು 120 ಗಂಟೆಗಳ ಕೋರ್ಸು. ಅದರಲ್ಲಿ 6 ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ, ತರಬೇತುದಾರರ ಕಣ್ಣೆದುರಿಗೇ ಪಾಠ ಮಾಡಬೇಕು. ನಾಲ್ಕು ಲಿಖಿತ ಪ್ರಬಂಧಗಳನ್ನೂ ಒಪ್ಪಿಸಬೇಕು. ಪೂರ್ಣಾವಧಿಯಾದರೆ ನಾಲ್ಕೈದು ವಾರ. ಶುಲ್ಕ ಲಕ್ಷ ರೂಪಾಯಿ ದಾಟುತ್ತದೆ. ಕೆಲವೇ ಸಾವಿರಕ್ಕೆ ಸಿಗುವ 120 ಗಂಟೆಗಳ ಆನ್‌ಲೈನ್ ಟೆಫೆಲ್ ಪ್ರಮಾಣಪತ್ರಗಳಲ್ಲಿ ಬಹುಪಾಲಿಗೆ ಈ ಪಾಠಾಭ್ಯಾಸವೇ ಇರುವುದಿಲ್ಲ. ಕೆಲವು ದೇಶಗಳ ವೀಸಾ ಕಚೇರಿಗೆ ಅದು ಸಾಕು, ಒಳ್ಳೆಯ ಶಾಲೆಗೆ ಸಾಲದು. ಹೈದರಾಬಾದಿನ ಇಫ್ಲು ವಿಶ್ವವಿದ್ಯಾಲಯದ ಸ್ನಾತಕೋತ್ತರ ಡಿಪ್ಲೊಮಾ, ಬೆಂಗಳೂರು ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿ ಗುಣದಲ್ಲಿ ಕಡಿಮೆಯವಲ್ಲ. ಆದರೆ ಹನೋಯಿಯಲ್ಲೋ ಬ್ಯಾಂಕಾಕಿನಲ್ಲೋ ಅರ್ಜಿಗಳನ್ನು ಜಾಲಿಸುವ ಗುಮಾಸ್ತನಿಗೆ ಆ ಹೆಸರುಗಳ ಪರಿಚಯವಿರುವುದು ಕಡಿಮೆ.

ಪಾಸ್‌ಪೋರ್ಟಿನ ಲೆಕ್ಕಾಚಾರ ಎಲ್ಲಕ್ಕಿಂತ ಕಟುವಾಗಿರುವುದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿನ ಇ-2 ವೀಸಾದಲ್ಲಿ ಇಂಗ್ಲಿಷ್ ಕಲಿಸಲು ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ ಪೌರರಿಗೆ ಮಾತ್ರ ಬಾಗಿಲು ತೆರೆದಿದೆ. ಭಾರತೀಯರಿಗೆ ಇರುವುದು ಒಂದು ಕಿಂಡಿ. 2010ರ ಜನವರಿಯಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದ ಪ್ರಕಾರ, ಇಂಗ್ಲಿಷ್ ವಿಷಯದಲ್ಲಿ ಪದವಿ ಮತ್ತು ಶಿಕ್ಷಕ ಅರ್ಹತೆ ಎರಡೂ ಇರುವ ಭಾರತೀಯರು ಅಲ್ಲಿನ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ಊರೂರಿನಲ್ಲೂ ಇರುವ, ಹಾಗ್ವಾನ್ ಎಂದು ಕರೆಯುವ ಖಾಸಗಿ ಟ್ಯೂಷನ್ ಕೇಂದ್ರಗಳಿಗೆ ಈ ಕಿಂಡಿ ಅನ್ವಯಿಸುವುದಿಲ್ಲ. ಹೊಸಬರಿಗೆ ಹೆಚ್ಚು ಕೆಲಸ ಇರುವುದೇ ಅಲ್ಲಿ ಎಂಬುದು ಬೇಸರದ ಸಂಗತಿ. ಚೀನಾದ ನಿಯಮವೂ ಇದೇ ಧಾಟಿಯದು: ಇಂಗ್ಲಿಷ್ ಮಾತೃಭಾಷೆಯ ದೇಶದ ಪೌರತ್ವ, ಪದವಿ, ಜೊತೆಗೆ ಎರಡು ವರ್ಷದ ಅನುಭವ ಅಥವಾ ಬೋಧನಾ ಪ್ರಮಾಣಪತ್ರ. 2021ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಶಾಲಾಮಕ್ಕಳ ಖಾಸಗಿ ಟ್ಯೂಷನ್ ಉದ್ಯಮವನ್ನೇ ಹತ್ತಿಕ್ಕಿದ ಮೇಲೆ ಇಡೀ ಮಾರುಕಟ್ಟೆಯೇ ಕುಗ್ಗಿತು. ಹೊರದೇಶದಲ್ಲಿ ಕುಳಿತು ಚೀನೀ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುತ್ತಿದ್ದವರ ಕೆಲಸವೂ ಅದರೊಂದಿಗೇ ಹೋಯಿತು.

ಪೌರತ್ವ ಕೇಳುವ ಈ ನಿಯಮಗಳ ಹಿಂದೆ ಒಂದು ಹಳೆಯ ನಂಬಿಕೆಯಿದೆ. ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವೃತ್ತಗಳಾಗಿ ಬಿಡಿಸಿ ತೋರಿಸಿದರು: ಬ್ರಿಟನ್, ಅಮೆರಿಕದಂಥ ಒಳವೃತ್ತ, ಭಾರತ, ನೈಜೀರಿಯಾದಂಥ ಹೊರವೃತ್ತ, ಚೀನಾ, ಜಪಾನಿನಂಥ ಹರಡುತ್ತಿರುವ ವೃತ್ತ. ಕೊರಿಯಾದ ಪಟ್ಟಿ ಹೆಚ್ಚುಕಡಿಮೆ ಆ ಒಳವೃತ್ತವೇ, ದಕ್ಷಿಣ ಆಫ್ರಿಕಾ ಮಾತ್ರ ಹೆಚ್ಚಿಗೆ. ಮಾತೃಭಾಷಿಕನೇ ಉತ್ತಮ ಶಿಕ್ಷಕ ಎಂಬುದು ಭ್ರಮೆ ಎಂದು ರಾಬರ್ಟ್ ಫಿಲಿಪ್‌ಸನ್ 1992ರಲ್ಲೇ ವಾದಿಸಿದರು. ಅಮೆರಿಕದಲ್ಲಿ ಕೇಂದ್ರವಿರುವ ಇಂಗ್ಲಿಷ್ ಬೋಧಕರ ಸಂಘ ಟೆಸಾಲ್ ಈ ತಾರತಮ್ಯವನ್ನು ವಿರೋಧಿಸಿ 2006ರಲ್ಲಿ ಅಧಿಕೃತ ಹೇಳಿಕೆ ಹೊರಡಿಸಿತು. ವಿದ್ವತ್ ಸಭೆಗಳಲ್ಲಿ ಸೋತ ನಂಬಿಕೆ ವೀಸಾ ಕಚೇರಿಗಳಲ್ಲಿ ಮಾತ್ರ ಗೆಲ್ಲುತ್ತಲೇ ಇದೆ.

ಜಪಾನ್ ಪೌರತ್ವವನ್ನು ಅಷ್ಟು ನೇರವಾಗಿ ಕೇಳುವುದಿಲ್ಲ. ಶಾಲೆಗಳಿಗೆ ವಿದೇಶಿ ಸಹಾಯಕ ಶಿಕ್ಷಕರನ್ನು ಕರೆಸಲು 1987ರಲ್ಲಿ ಶುರುವಾದ ಸರ್ಕಾರಿ ಜೆಟ್ ಯೋಜನೆಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅಮೆರಿಕದವರು, ನಿಜ. ಆದರೆ ಸರ್ಕಾರಿ ಶಾಲೆಗಳಿಗೆ ಸಹಾಯಕ ಶಿಕ್ಷಕರನ್ನು ಒದಗಿಸುವ ಖಾಸಗಿ ಕಂಪನಿಗಳು ಬೇರೆ ದೇಶದವರನ್ನೂ ತೆಗೆದುಕೊಳ್ಳುತ್ತವೆ. ಶಾಲಾ ಬೋಧಕರ ವೀಸಾಕ್ಕೆ ಅಲ್ಲಿ ಇನ್ನೊಂದು ಷರತ್ತಿದೆ: ಕಲಿಸುವ ಭಾಷೆಯ ಮಾಧ್ಯಮದಲ್ಲೇ ಅಭ್ಯರ್ಥಿ ಕನಿಷ್ಠ 12 ವರ್ಷ ಓದಿರಬೇಕು. ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಬೆಂಗಳೂರಿನ ಹುಡುಗಿಗೆ ಇದು ಸಲೀಸು; ಅವಳು ಓದಿದ ಶಾಲೆ, ಕಾಲೇಜುಗಳಿಂದ ಮಾಧ್ಯಮ ದೃಢೀಕರಣ ಪತ್ರ ತಂದರಾಯಿತು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಇಂಗ್ಲಿಷ್ ಎಂ.ಎ. ಮಾಡಿದವರ ಲೆಕ್ಕ ಪಿಯುಸಿಯಿಂದ ಶುರುವಾಗಿ ಏಳೆಂಟು ವರ್ಷಕ್ಕೇ ನಿಲ್ಲುತ್ತದೆ. ಇಂಗ್ಲಿಷನ್ನು ಕಷ್ಟಪಟ್ಟು, ಅರಿವಿನಿಂದ ಕಲಿತವರನ್ನೇ ಹೊರಗಿಡುವ ನಿಯಮ ಇದು.

ಇನ್ನು ಉಳಿಯುವುದು ಆಗ್ನೇಯ ಏಷ್ಯಾ ಮತ್ತು ಕೊಲ್ಲಿ ರಾಷ್ಟ್ರಗಳು. ಥಾಯ್ಲೆಂಡಿನ ಶಾಲೆಗಳಲ್ಲಿ ಸಾವಿರಾರು ಫಿಲಿಪ್ಪೀನ್ಸ್ ಶಿಕ್ಷಕರಿದ್ದಾರೆ. ಅವರಿಗೆ ತೆರೆದ ದಾರಿಯೇ ಭಾರತೀಯರಿಗೂ. ಯಾವುದಾದರೂ ಪದವಿ, ಇಂಗ್ಲಿಷ್ ಮಾತೃಭಾಷೆಯಲ್ಲದ ದೇಶದವರಾದ್ದರಿಂದ ಟೋಯಿಕ್ ಪರೀಕ್ಷೆಯಲ್ಲಿ 600 ಅಂಕ, ವಲಸೆಯೇತರ ಬಿ ವೀಸಾ, ಕುರುಸಫಾ ಎಂಬ ಶಿಕ್ಷಕರ ಪರಿಷತ್ತಿನಿಂದ ತಾತ್ಕಾಲಿಕ ಬೋಧನಾ ಅನುಮತಿ ಬೇಕು. ಸಂಬಳದಲ್ಲಿ ಭೇದವನ್ನು ಜಾಹೀರಾತಿನಲ್ಲೇ ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ: ಒಳವೃತ್ತದವರಿಗೆ ತಿಂಗಳಿಗೆ 30–40 ಸಾವಿರ ಬಾತ್ ಸಾಮಾನ್ಯವಾದರೆ, ಅದೇ ಕೆಲಸಕ್ಕೆ ಏಷ್ಯಾದವರಿಗೆ ಅದಕ್ಕಿಂತ ಕಡಿಮೆ. ವಿಯೆಟ್ನಾಮಿನಲ್ಲಿ ಕಾನೂನು ಕೇಳುವುದು ಪದವಿ, ಬೋಧನಾ ಪ್ರಮಾಣಪತ್ರ, ಪೊಲೀಸ್ ದೃಢೀಕರಣ, ವೈದ್ಯಕೀಯ ತಪಾಸಣೆ; ನಮ್ಮಂಥ ದೇಶದವರಿಂದ ಭಾಷಾ ಪ್ರೌಢಿಮೆಯ ದಾಖಲೆಯನ್ನೂ ಕೇಳುತ್ತಾರೆ. ಹೊ ಚಿ ಮಿನ್ ನಗರ, ಹನೋಯಿಗಳಲ್ಲಿ ಸಂಜೆ ಮತ್ತು ವಾರಾಂತ್ಯ ನಡೆಯುವ ಭಾಷಾ ಕೇಂದ್ರಗಳು ಹೇರಳವಾಗಿರುವುದರಿಂದ ವರ್ಷವಿಡೀ ನೇಮಕ ನಡೆಯುತ್ತದೆ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಕೊಲ್ಲಿಯಲ್ಲಿ ಆಟದ ನಿಯಮವೇ ಬೇರೆ. ಮಂಗಳೂರು, ಉಡುಪಿ, ಭಟ್ಕಳದ ಕುಟುಂಬಗಳಿಗೆ ಹೊಸತಲ್ಲದ ಯುಎಇ, ಒಮಾನ್, ಕತಾರ್‌ಗಳ ಸಿಬಿಎಸ್‌ಇ ಶಾಲೆಗಳಲ್ಲಿ ಸೆಲ್ಟಾಗಿಂತ ಬಿ.ಎಡ್. ಮುಖ್ಯ. ಅಲ್ಲಿ ಇಂಗ್ಲಿಷ್ ಶಿಕ್ಷಕಿ ಎಂದರೆ ಭಾರತೀಯ ಪಠ್ಯ, ಭಾರತೀಯ ಪರೀಕ್ಷೆ, ಭಾರತೀಯ ಮಕ್ಕಳು. ಊರಿನ ಶಾಲೆಯೇ ಸಮುದ್ರ ದಾಟಿ ಹೋಗಿ ಕುಳಿತಂತೆ. ಎರಡು ವರ್ಷದ ಅನುಭವವನ್ನು ಹೆಚ್ಚಿನವರು ಕೇಳುವುದರಿಂದ ಮೊದಲ ಕೆಲಸವಾಗಿ ಸಿಗುವುದು ಕಷ್ಟ. ಬಿ.ಎಡ್. ಆದ ಹೊಸಬರಿಗೆ ಮಾಲ್ದೀವ್ಸ್ ಹೆಚ್ಚು ಉದಾರ. ದಶಕಗಳಿಂದ ಭಾರತೀಯ ಶಿಕ್ಷಕರು ಅಲ್ಲಿನ ದೂರದ ದ್ವೀಪಗಳ ಶಾಲೆಗಳಲ್ಲಿ ಕಲಿಸುತ್ತಿದ್ದಾರೆ. ದ್ವೀಪ ಎಂದರೆ ಪ್ರವಾಸಿ ಜಾಹೀರಾತಿನ ಚಿತ್ರ ಕಣ್ಣಿಗೆ ಬರುತ್ತದೆ. ಅಲ್ಲಿ ಸಿಗುವುದು ಕೆಲವೇ ನೂರು ಜನರ ಊರು ಮತ್ತು ದೋಣಿಯ ವೇಳಾಪಟ್ಟಿ.

ಕಾಗದಪತ್ರಗಳಲ್ಲಿ ಕರ್ನಾಟಕದವರು ಮೊದಲು ಎಡವುವ ಜಾಗ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್‌ಗಳು ಬಿಡಿಸಿ ಊರಿನ ಹೆಸರೂ ತಂದೆಯ ಹೆಸರೂ ಆಗಿರುತ್ತವೆ, ಪದವಿ ಪ್ರಮಾಣಪತ್ರದಲ್ಲಿ ಇನ್ನೊಂದು ಕಾಗುಣಿತ. ಊರಿನಲ್ಲಿ ಯಾರೂ ಗಮನಿಸದ ಈ ವ್ಯತ್ಯಾಸ ಹೊರದೇಶದ ವಲಸೆ ಅಧಿಕಾರಿಗೆ ಇಬ್ಬರು ಬೇರೆ ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ನೋಟರಿ ಅಫಿಡವಿಟ್‌ನಿಂದ ಕೆಲವೆಡೆ ಕೆಲಸ ನಡೆಯುತ್ತದೆ, ಎಲ್ಲೆಡೆ ಅಲ್ಲ. ಮೂಲ ದಾಖಲೆಯನ್ನೇ ತಿದ್ದಿಸಬೇಕಾದರೆ ಮಂಡಳಿ, ವಿಶ್ವವಿದ್ಯಾಲಯಗಳ ಮುಂದೆ ತಿಂಗಳುಗಟ್ಟಲೆ ಅಲೆದಾಟ. ಎರಡನೆಯ ತೊಡಕು ಘಟಿಕೋತ್ಸವದ್ದು. ಪದವಿ ಮುಗಿದ ಕೂಡಲೇ ಕೈಗೆ ಬರುವುದು ತಾತ್ಕಾಲಿಕ ಪ್ರಮಾಣಪತ್ರ ಮಾತ್ರ, ವೀಸಾಕ್ಕೆ ಬೇಕಾದದ್ದು ಮೂಲ ಪದವಿ ಪತ್ರ. ಕೋರ್ಸಿಗೆ ಸೇರುವ ಮೊದಲೇ ಇವೆರಡನ್ನೂ ಸರಿಪಡಿಸಿಕೊಂಡವರಿಗೆ ಮುಂದಿನದು ಹಗುರ.

ಪದವಿ ಪತ್ರ ಅಸಲಿ ಎಂದು ರಾಜ್ಯ ಸರ್ಕಾರ ದೃಢೀಕರಿಸಿದ ಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೀಳುತ್ತದೆ. 1961ರ ಹೇಗ್ ಒಪ್ಪಂದದ ಈ ವ್ಯವಸ್ಥೆ ಭಾರತದಲ್ಲಿ 2005ರಿಂದ ಜಾರಿಯಲ್ಲಿದೆ. ಜಪಾನ್, ಕೊರಿಯಾ ಅದನ್ನು ಒಪ್ಪುತ್ತವೆ. ಒಪ್ಪಂದಕ್ಕೆ ಸೇರದ ದೇಶವಾದರೆ ಅದರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಪೊಲೀಸ್ ದೃಢೀಕರಣ ಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆದರೆ ತೀರಾ ಮೊದಲೇ ತೆಗೆಸಿಟ್ಟರೆ ಅದು ಹಳಸುತ್ತದೆ. ಬಹಳ ದೇಶಗಳು ಕಳೆದ ಕೆಲವು ತಿಂಗಳುಗಳೊಳಗಿನದನ್ನೇ ಕೇಳುತ್ತವೆ.

ಅರ್ಜಿ ಹಾಕುವ ಹೊತ್ತು ಆಯಾ ದೇಶದ ಶಾಲಾ ವರ್ಷವನ್ನು ಅವಲಂಬಿಸಿದೆ. ಜಪಾನಿನಲ್ಲಿ ವರ್ಷಾರಂಭ ಏಪ್ರಿಲ್, ಕೊರಿಯಾದಲ್ಲಿ ಮಾರ್ಚ್, ಥಾಯ್ಲೆಂಡಿನಲ್ಲಿ ಮೇ ತಿಂಗಳ ಮಧ್ಯ. ಕೊಲ್ಲಿಯ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ತೆರೆಯುತ್ತವೆ. ಇದಕ್ಕೆ ಮೂರರಿಂದ ಆರು ತಿಂಗಳು ಮುಂಚೆ ಅರ್ಜಿ ಹೋಗಬೇಕು.

ಸಂದರ್ಶನ ಈಗ ವೀಡಿಯೊದಲ್ಲೇ. ಅದರ ಮುಖ್ಯ ಭಾಗ ಹತ್ತು–ಹದಿನೈದು ನಿಮಿಷದ ಡೆಮೊ ಪಾಠ. ವ್ಯಾಕರಣದ ಸೂತ್ರ ವಿವರಿಸಲು ಹೊರಟವರು ಇಲ್ಲಿ ಸೋಲುತ್ತಾರೆ. ಶಿಕ್ಷಕ ಎಷ್ಟು ಕಡಿಮೆ ಮಾತಾಡಿ, ವಿದ್ಯಾರ್ಥಿಯಿಂದ ಎಷ್ಟು ಮಾತು ಹೊರಡಿಸುತ್ತಾನೆ ಎಂಬುದನ್ನು ನೋಡುತ್ತಾರೆ. ಅರ್ಥವಾಯಿತೇ ಎಂದು ಕೇಳುವ ನಮ್ಮ ತರಗತಿಗಳ ರೂಢಿಯನ್ನು ಬಿಟ್ಟು, ಅರ್ಥವಾದದ್ದು ಉತ್ತರದಲ್ಲೇ ಗೊತ್ತಾಗುವಂಥ ಸಣ್ಣ ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿರಬೇಕು. ಉಚ್ಚಾರಣೆಯ ಬಗ್ಗೆ ಅಳುಕು ಬೇಡ, ಅಮೆರಿಕನ್ ಧಾಟಿಯ ಅನುಕರಣೆಯಂತೂ ಬೇಡವೇ ಬೇಡ. ಸ್ಪಷ್ಟತೆ, ನಿಧಾನ, ಒತ್ತಿನ ಸ್ಥಾನ ಸರಿಯಿದ್ದರೆ ಸಾಕು. ಕನ್ನಡಿಗರು ಸಾಮಾನ್ಯವಾಗಿ ಹೇಳಿಕೊಳ್ಳದ ಒಂದು ಅನುಕೂಲವೂ ಇಲ್ಲಿದೆ. ಕನ್ನಡದಂತೆ ಜಪಾನಿ, ಕೊರಿಯನ್ ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಸಂಬಂಧ ಸೂಚಿಸುವ ಪ್ರತ್ಯಯ ನಾಮಪದದ ಕೊನೆಗೆ ಅಂಟುತ್ತದೆ, ಇಂಗ್ಲಿಷಿನ ‘ಎ’, ‘ದಿ’ಗಳಿಗೆ ಸಮನಾದದ್ದು ಇಲ್ಲ. ಟೋಕಿಯೊದ ಹುಡುಗ ಎಲ್ಲಿ ತಡವರಿಸುತ್ತಾನೆ, ಏಕೆ ತಡವರಿಸುತ್ತಾನೆ ಎಂಬುದು ಕನ್ನಡ ಶಿಕ್ಷಕಿಗೆ ಒಳಗಿನಿಂದ ಗೊತ್ತು. ಇದನ್ನು ಸಂದರ್ಶನದಲ್ಲಿ ಒಂದು ಉದಾಹರಣೆಯೊಂದಿಗೆ ಹೇಳಬಲ್ಲವರು ಮಾತೃಭಾಷಿಕ ಅಭ್ಯರ್ಥಿ ಹೇಳಲಾರದ್ದನ್ನು ಹೇಳಿದಂತಾಗುತ್ತದೆ.

ಅನುಭವದ ಕಾಲಂ ಖಾಲಿಯಿದ್ದರೆ ಅದನ್ನು ಊರಿನಲ್ಲೇ ತುಂಬಬಹುದು. ಬೆಂಗಳೂರಿನ ಕಾಲೇಜುಗಳಿಗೆ ಬರುವ ವಿದೇಶಿ ವಿದ್ಯಾರ್ಥಿಗಳು, ಬೈಲಕುಪ್ಪೆಯ ಟಿಬೆಟನ್ ವಸತಿಯ ಭಿಕ್ಷುಗಳು ಶಿಕ್ಷಕನ ಮಾತೃಭಾಷೆ ತಿಳಿಯದ ಕಲಿಕೆದಾರರು. ಕನ್ನಡದ ಆಸರೆಯಿಲ್ಲದೆ ಪಾಠ ನಡೆಸುವ ಅಭ್ಯಾಸ ಅಂಥ ತರಗತಿಯಲ್ಲೇ ಬರುವುದು.

ಕೆಲಸ ಸಿಕ್ಕಿತು ಎಂಬ ಮಿಂಚಂಚೆ ಬಂದ ಮೇಲೆ ಎಚ್ಚರ ಹೆಚ್ಚಬೇಕು. ಪ್ರವಾಸಿ ವೀಸಾದಲ್ಲಿ ಬಾ, ಬಂದ ಮೇಲೆ ಬದಲಿಸೋಣ ಎನ್ನುವವರ ಮಾತು ನಂಬಿ ಹೋದರೆ, ವೀಸಾ ಬದಲಾಗುವವರೆಗೆ ಮಾಡುವ ಪಾಠವೆಲ್ಲ ಅಕ್ರಮ; ದಂಡ, ಗಡೀಪಾರು ಶಿಕ್ಷಕನ ತಲೆಗೆ. 2022ರಿಂದ ಈಚೆಗೆ ಥಾಯ್ಲೆಂಡಿನಲ್ಲಿ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಭಾರತೀಯ ಯುವಕರನ್ನು ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ ಮತ್ತೆಮತ್ತೆ ಎಚ್ಚರಿಸಿದೆ. ಅವು ಐಟಿ, ಮಾರುಕಟ್ಟೆ ಕೆಲಸದ ಹೆಸರಿನವು. ಬಲೆ ಬೀಸುವ ಬಗೆ ಮಾತ್ರ ಶಿಕ್ಷಕರಿಗೂ ಅದೇ. ಏಜೆಂಟರ ಮೂಲಕ ಹೋಗುವುದಾದರೆ 1983ರ ವಲಸೆ ಕಾಯ್ದೆಯಡಿ ಅವರಿಗೆ ನೋಂದಣಿ ಇದೆಯೇ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ.

ಕರಾರಿನಲ್ಲಿ ಸಂಬಳಕ್ಕಿಂತ ಮೊದಲು ಓದಬೇಕಾದದ್ದು ಗಂಟೆಗಳನ್ನು. ವಾರಕ್ಕೆ 20–25 ಗಂಟೆ ಪಾಠ ಎಂದು ಬರೆದು, ಶಾಲೆಯಲ್ಲಿ 40 ಗಂಟೆ ಕೂರಬೇಕೆಂಬುದನ್ನು ಇನ್ನೊಂದು ಪುಟದಲ್ಲಿ ಸೇರಿಸಿರುತ್ತಾರೆ. ರಜೆ ತಿಂಗಳ ಸಂಬಳ, ವಸತಿ, ವಿಮಾನ ಖರ್ಚು, ಆರೋಗ್ಯ ವಿಮೆ, ನಡುವೆ ಬಿಟ್ಟರೆ ಕಟ್ಟಬೇಕಾದ ದಂಡ ಇವೆಲ್ಲ ಬರಹದಲ್ಲಿರಬೇಕು. ಪಾಸ್‌ಪೋರ್ಟನ್ನು ಶಾಲೆ ಇಟ್ಟುಕೊಳ್ಳುತ್ತದೆ ಎಂಬ ಷರತ್ತಿಗೆ ಸಹಿ ಹಾಕಬಾರದು. ವರ್ಷ ಮುಗಿಯುವ ಮೊದಲು ಶಾಲೆಯ ಮುದ್ರೆಯಿರುವ ಅನುಭವ ಪತ್ರ ಪಡೆಯಬೇಕು. ಕಲಿಸಿದ ತರಗತಿ, ವಯೋಮಾನ, ಗಂಟೆಗಳು ಅದರಲ್ಲಿ ನಮೂದಾಗಿರಬೇಕು. ಚೀನಾದಂಥ ಕಡೆ ಕೆಲಸ ಬದಲಿಸಲು ಹಳೆಯ ಮಾಲೀಕರ ಬಿಡುಗಡೆ ಪತ್ರವೂ ಬೇಕಾಗುತ್ತದೆ, ಮತ್ತು ಅದನ್ನು ಊರಿಗೆ ಮರಳಿದ ಮೇಲೆ ಮಿಂಚಂಚೆಯಲ್ಲಿ ಕೇಳಿ ಪಡೆಯುವುದು ಸುಲಭವಲ್ಲ.