ಒಂದಕ್ಷರ ತಿದ್ದಲು ಇಷ್ಟು ಕಷ್ಟವೇ?

ಇಳಕಲ್ಲಿನಲ್ಲಿರುವ ನನ್ನ ಕಾಕಾನ ಮಗಳಿಗೆ ಥಲಸ್ಸೇಮಿಯಾ. ಮೂರು ವಾರಕ್ಕೊಮ್ಮೆ ಹುನಗುಂದದ ಮೇಲೆ ಹಾಯ್ದು ಬಾಗಲಕೋಟೆಗೆ ಬಂದು ರಕ್ತ ಹಾಕಿಸಿಕೊಳ್ಳುತ್ತಾಳೆ. ರಕ್ತದೊಂದಿಗೆ ಮೈ ಸೇರುವ ಕಬ್ಬಿಣಾಂಶ ಇಳಿಸಲು ದಿನಾ ಮಾತ್ರೆ ಬೇರೆ. ನಾನು ಬಯೋಟೆಕ್ನಾಲಜಿ ಎಂ.ಎಸ್ಸಿ. ಸೇರಿದಾಗಿನಿಂದ ಅವಳದ್ದು ಒಂದೇ ಪ್ರಶ್ನೆ: ‘ಅಕ್ಕಾ, ಕ್ರಿಸ್ಪರ್ ಅಂತಾರಲ್ಲ, ಅದರಿಂದ ನಂದು ರಿಪೇರಿ ಆಗೂದಿಲ್ಲೇನು?’

ಅವಳಲ್ಲಿರುವುದು ಭಾರತದಲ್ಲಿ ಅತಿ ಹೆಚ್ಚು ಕಾಣುವ ದೋಷ. ಬೀಟಾ ಗ್ಲೋಬಿನ್ ಜೀನ್‌ನ ಒಂದು ಕಡೆ ‘ಜಿ’ ಇರಬೇಕಾದಲ್ಲಿ ‘ಸಿ’ ಬಂದಿದೆ, ಅಷ್ಟೇ.

ಹೇಳಿದ ಜಾಗದಲ್ಲಿ ಡಿಎನ್‌ಎ ಕತ್ತರಿಸುವುದು ಕ್ರಿಸ್ಪರ್‌ಗೆ ಸಲೀಸು. ಜೋಡಿಸುವುದು ಮಾತ್ರ ಜೀವಕೋಶದ ಕೈಯಲ್ಲಿದೆ. ಮಗ್ಗದ ಮೇಲೆ ಎಳೆ ಹರಿದರೆ ಕಾಕಾ ಥಟ್ಟನೆ ಗಂಟು ಹಾಕುತ್ತಾರೆ, ಜೀವಕೋಶವೂ ಹಾಗೆಯೇ. ಸರಿಯಾದ ಮಾದರಿ ಕೊಟ್ಟರೂ, ಅದನ್ನು ನೋಡಿ ನಕಲು ಮಾಡುವ ಕ್ರಮ ಕೋಶ ವಿಭಜನೆಗೆ ಸಜ್ಜಾಗುವಾಗಷ್ಟೇ ನಡೆಯುತ್ತದೆ. ರಕ್ತದ ಕಾಂಡಕೋಶಗಳೋ, ಬಹುಪಾಲು ನಿದ್ದೆಯಲ್ಲಿರುತ್ತವೆ!

ಗಂಟು ಹಾಕುವ ಕಿಣ್ವವನ್ನೇ ಔಷಧದಿಂದ ತಡೆದರೆ? ಅಂಥ ಎಝಡ್‌ಡಿ7648 ಬಳಸಿದಾಗ ನಿಖರ ತಿದ್ದುಪಡಿಯ ಪ್ರಮಾಣ ಏರಿತು. ಆದರೆ ಕೆಲವು ಕೋಶಗಳಲ್ಲಿ ಡಿಎನ್‌ಎಯ ದೊಡ್ಡ ತುಂಡುಗಳೇ ಕಳೆದುಹೋಗುತ್ತವೆ, ಮಾಮೂಲಿ ಪರೀಕ್ಷೆಗೆ ಅದು ಕಾಣುವುದೂ ಇಲ್ಲ ಎಂದು 2024ರಲ್ಲಿ ಪ್ರಕಟವಾಯಿತು. ಪರ್ಸೆಂಟೇಜ್ ನೋಡಿ ಚಪ್ಪಾಳೆ ತಟ್ಟುವ ನನ್ನ ಸಹಪಾಠಿಗಳು ಇದನ್ನು ಓದಬೇಕು.

2023ರಲ್ಲಿ ಬ್ರಿಟನ್ ಒಪ್ಪಿದ ಕ್ಯಾಸ್‌ಗೆವಿ ಚಿಕಿತ್ಸೆ ಈ ತೊಡಕಿಗೇ ಹೋಗಲಿಲ್ಲ. ಅದು ದೋಷ ತಿದ್ದುವುದಿಲ್ಲ. ಬೇರೊಂದು ಜೀನ್‌ನ ಸ್ವಿಚ್ ಕೆಡಿಸಿ, ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುತ್ತದೆ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ಕಾಕಾನಿಗೆ ನಾನಿದನ್ನು ರೂಪಾಯಿಯಲ್ಲಿ ಹೇಳಿಲ್ಲ.

ಎರಡೂ ಎಳೆ ಕತ್ತರಿಸದೆ ಅಕ್ಷರ ಬದಲಿಸುವ ಬೇಸ್ ಎಡಿಟಿಂಗ್ 2016ರಲ್ಲಿ ಬಂತು. ಆದರೆ ಹೆಚ್ಚು ಬಳಕೆಯ ಬಗೆಗಳು ‘ಸಿ’ಯನ್ನು ‘ಟಿ’, ‘ಎ’ಯನ್ನು ‘ಜಿ’ ಮಾಡುತ್ತವೆ. ನಮಗೆ ಬೇಕಾದದ್ದು ‘ಸಿ’ಯಿಂದ ‘ಜಿ’. 2019ರ ಪ್ರೈಮ್ ಎಡಿಟಿಂಗ್‌ಗೆ ಯಾವ ಅಕ್ಷರವಾದರೂ ಸರಿ. ಆದರೆ ಕೋಶದ ಕಾವಲು ವ್ಯವಸ್ಥೆ ಹೊಸ ಅಕ್ಷರವನ್ನೇ ತಪ್ಪೆಂದು ಅಳಿಸುತ್ತಿತ್ತು. ಆ ಕಾವಲನ್ನು ಸ್ವಲ್ಪ ಹೊತ್ತು ತಡೆಯುವ ಪ್ರೋಟೀನ್ ಸೇರಿಸಿದ ಮೇಲೆ, 2021ರಲ್ಲಿ, ದಕ್ಷತೆ ಏರಿತು. ತಂಗಿಯಂಥವರ ಆಸೆ ಇರುವುದು ಈ ದಾರಿಯಲ್ಲಿ. ದೆಹಲಿಯ ಐಜಿಐಬಿ ವಿಜ್ಞಾನಿಗಳೂ ಹೆಚ್ಚು ನಿಖರವಾದ ತಮ್ಮದೇ ಕ್ರಿಸ್ಪರ್ ಕತ್ತರಿ ರೂಪಿಸಿದ್ದಾರೆ.

ಅದೆಲ್ಲ ಬರುವವರೆಗೆ ಕೈಯಲ್ಲಿರುವುದು ಎಚ್‌ಬಿಎ2 ರಕ್ತಪರೀಕ್ಷೆ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗದ ಸಾಧ್ಯತೆ ಶೇ 25. ಬಾದಾಮಿಯ ಸೋದರಮಾವನ ಮನೆಯಲ್ಲಿ ಈಗ ಸಂಬಂಧದೊಳಗೇ ಮದುವೆ ಮಾತು ನಡೆದಿದೆ. ಪರೀಕ್ಷೆ ಮಾಡಿಸಿ ಎಂದಿದ್ದೇನೆ. ಹುಡುಗ ಹುಡುಗಿ ಒಪ್ಪಿದ್ದಾರೆ, ಅಜ್ಜಿ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.